ತೊಗರಿಯ ಕುಡಿಯೂ ಹೂವೂ

ಕಲಬುರಗಿಯ ಸೀಮೆಯಲ್ಲಿ ಒಕ್ಕಲುತನಕ್ಕೆ ತೊಗರಿಯೇ ಮುಖ್ಯ ಆಧಾರವು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮಳೆ ತಡವಾದ ವರ್ಷ ಕಮಲಾಪುರದ ಸುತ್ತಣ ಹೊಲಗಳಲ್ಲಿ ಒಂದು ಸಂಗತಿಯನ್ನು ಕಾಣಬಹುದು. ಜೂನಿನಲ್ಲಿ ಬಿತ್ತಿದ ಹೊಲಕ್ಕೂ ಆಗಸ್ಟಿನಲ್ಲಿ ಬಿತ್ತಿದ ಹೊಲಕ್ಕೂ ಬಿತ್ತನೆಯಲ್ಲಿ ಎರಡು ತಿಂಗಳ ಅಂತರವಿದ್ದರೂ ಹೂ ಬಿಡುವುದರಲ್ಲಿ ಅಷ್ಟು ಅಂತರವಿರುವುದಿಲ್ಲ. ತಡವಾಗಿ ಬಿತ್ತಿದ್ದು ಗಿಡ್ಡಗಿರುವಾಗಲೇ ಹೂವಿಗೆ ಬರುವುದು. ಇದರ ಕಾರಣವನ್ನು ತಿಳಿದವರು ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಹಗಲಿನ ಅಳತೆ.— ಕಲಬುರಗಿಯಲ್ಲಿ ಜೂನ್ ಕಡೆಯ ಭಾಗದಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರಿನಲ್ಲಿ ಸುಮಾರು 11 ಗಂಟೆ ಇರುವುದು. ನಾಡತೊಗರಿಯು ಹಗಲು ಕುಗ್ಗಿದ ಮೇಲೆ ಹೂವಿಗೆ ಬರುವ ಬೆಳೆ. ಹಗಲನ್ನು ಅಳೆಯುವುದು ಎಲೆ; ಹೂವಿಗೆ ತಿರುಗುವುದು ಕುಡಿ.

ಕುಡಿಯ ಕೆಲಸ.— ಗಿಡದ ಪ್ರತಿಯೊಂದು ಜೀವಕೋಶದಲ್ಲಿಯೂ ಎಲೆ, ಹೂ, ಬೇರುಗಳಿಗೆ ಬೇಕಾದ ಎಲ್ಲ ವಂಶವಾಹಿಗಳೂ ಇರುವುವು. ಯಾವುದು ಎಲ್ಲಿ, ಯಾವಾಗ ಕೆಲಸಮಾಡಬೇಕೆಂಬುದನ್ನು ನಿಯಂತ್ರಕ ಪ್ರೋಟೀನುಗಳು ನಿರ್ಣಯಿಸುವುವು. ಇವು ಒಂದರೊಡನೊಂದು ಕೂಡಿ ಕೆಲಸಮಾಡತಕ್ಕವು. ಜೊತೆ ಬದಲಾದರೆ ಫಲವೂ ಬದಲಾಗುವುದು. ಕುಡಿಯಲ್ಲಿ ಎಫ್.ಡಿ. ಎಂಬ ನಿಯಂತ್ರಕವುಂಟು. ಎಲೆಯಲ್ಲಿ ಹುಟ್ಟಿದ ಎಫ್.ಟಿ. ಎಂಬ ಪ್ರೋಟೀನು ರಸದೊಡನೆ ಬಂದು ಇದನ್ನು ಕೂಡಿದರೆ ಹೂವಿನ ವಂಶವಾಹಿಗಳು ಎಚ್ಚರಗೊಳ್ಳುವುವು. ಟಿ.ಎಫ್.ಎಲ್.1 ಎಂಬ ಇನ್ನೊಂದು ಅದೇ ಸ್ಥಾನವನ್ನು ಹಿಡಿದರೆ ಅವು ಅಡಗಿಯೇ ಇರುವುವು. ಕುಡಿ ಬೆಳೆಯುತ್ತಲೇ ಹೋಗುವುದು. ಒಂದೇ ತೂಬನ್ನು ಒಬ್ಬನು ತೆರೆಯಲೂ ಮತ್ತೊಬ್ಬನು ಮುಚ್ಚಲೂ ಹವಣಿಸುವಂತೆ ಇದು.

ಈ ಕ್ರಮವನ್ನು ಮೊದಲು ತಿಳಿದುಕೊಂಡುದು ಸಾಸಿವೆಯ ಕುಲದ ಒಂದು ಸಣ್ಣ ಗಿಡದಲ್ಲಿ. ತೊಗರಿಯಲ್ಲಿಯೂ ಕುಡಿ ಹೂವಾಗಿ ಮುಗಿಯುವ ಜಾತಿಗೂ ಮುಗಿಯದೆ ಬೆಳೆಯುವ ಜಾತಿಗೂ ಇರುವ ಭೇದಕ್ಕೆ ಟಿ.ಎಫ್.ಎಲ್.1 ವಂಶವಾಹಿಯೇ ಕಾರಣವೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯು ಸೂಚಿಸಿತು.

ಗಮನಿಸತಕ್ಕ ಅಂಶಗಳು.—

(1) ಬಿತ್ತನೆ ತಡವಾದರೆ ಗಿಡವು ಸಣ್ಣದಾಗಿಯೇ ಹೂ ಬಿಡುವುದರಿಂದ, ಸಾಲುಗಳನ್ನು ಹತ್ತಿರಮಾಡಿ ಗಿಡಗಳ ಸಂಖ್ಯೆಯನ್ನು ಹೆಚ್ಚಿಸತಕ್ಕದ್ದು.

(2) ಕುಡಿ ಮುಗಿಯದ ಜಾತಿಯ ಮೊದಲ ಹೂ ಮೋಡಕ್ಕಾಗಲಿ ಕಾಯಿಕೊರಕಕ್ಕಾಗಲಿ ಹಾಳಾದರೂ, ನೆಲದಲ್ಲಿ ತೇವವಿದ್ದರೆ ಅದು ಮತ್ತೆ ಹೂ ಬಿಡಬಲ್ಲುದು. ಕುಡಿ ಮುಗಿಯುವ ಜಾತಿಯಲ್ಲಿ ಕಾಯಿಗಳು ತುದಿಯಲ್ಲಿ ಗೊಂಚಲಾಗಿರುವುದರಿಂದ ಹುಳುವಿನ ಬಾಧೆ ಹೆಚ್ಚು. ಮಳೆಯನ್ನೇ ನಂಬಿದ ಹೊಲಕ್ಕೆ ಮೊದಲನೆಯದೇ ಲೇಸು.

(3) ಸಕಾಲದಲ್ಲಿ ಬಿತ್ತಿದ ಹೊಲದಲ್ಲಿ 50–55 ದಿವಸಗಳಿಗೆ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುವುವು. ಮೊಗ್ಗು ಕಂಡ ಮೇಲೆ ಚಿವುಟಲಾಗದು.

ಬೀಜ ನೆಲಕ್ಕೆ ಬಿದ್ದ ಮೇಲೆ ಜಾತಿಯನ್ನಾಗಲಿ ಸಾಲನ್ನಾಗಲಿ ಬದಲಾಯಿಸುವಂತಿಲ್ಲ. ಆದಕಾರಣ ಊರಿನ ಗೌಡರೂ ದೊಡ್ಡ ಹಿಡುವಳಿದಾರರೂ ಈ ಅಂಶಗಳನ್ನು ಬಿತ್ತನೆಗೆ ಮುಂಚೆಯೇ ಒಕ್ಕಲಿಗರಿಗೆ ತಿಳಿಯಹೇಳುವುದು ಉಚಿತವು.