ಫ್ಲೆಕ್ಸ್ ನೋಡಿ ಶಾಲೆ ಆರಿಸಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ನಮ್ಮ ಕಡೆ ಬಸ್ ನಿಲ್ದಾಣಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ‘ಶೇ 100’ ಎಂದು ದಪ್ಪಕ್ಷರ, ಕೆಳಗೆ ಮಕ್ಕಳ ಫೋಟೊ, ಮೂಲೆಯಲ್ಲಿ ಮುಖಂಡರ ಫೋಟೊ. ಬಾಗಲಕೋಟೆ ಜಿಲ್ಲೆಯ ಬೇವೂರು ಸುತ್ತಿನ ಪಾಲಕರಲ್ಲಿ ಇದನ್ನು ಓದಿಯೇ ಒಂದನೇ ತರಗತಿಯ ಮಗುವಿಗೆ ಸಾಲಿ ಗೊತ್ತು ಮಾಡುವವರಿದ್ದಾರೆ. ಹತ್ತನೇ ತರಗತಿಯ ಅಂಕಿಯಿಂದ ಒಂದನೇ ತರಗತಿಯ ಅಕ್ಕೋರು ಹೇಗೆ ಕಲಿಸುತ್ತಾರೆಂದು ತಿಳಿಯುವುದಿಲ್ಲ.

ಮೊದಲು ಮಗು ದಿನಾ ಹೋಗಿಬರಬಹುದಾದ ಸರ್ಕಾರಿ ಶಾಲೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಿರಿಯ ಪ್ರಾಥಮಿಕ ಎಂದರೆ ಐದರವರೆಗೆ ಮಾತ್ರ, ಮುಂದೆ ಮತ್ತೆ ಶಾಲೆ ಹುಡುಕಬೇಕು. ಹಿರಿಯ ಪ್ರಾಥಮಿಕ ಏಳು ಅಥವಾ ಎಂಟರವರೆಗೆ. ಕರ್ನಾಟಕ ಪಬ್ಲಿಕ್ ಶಾಲೆಯಾದರೆ ಪಿಯುಸಿವರೆಗೆ ಒಂದೇ ಆವರಣ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆಯ ಮೇಲೆ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಜಾಣರನ್ನೇ ಆರಿಸಿಕೊಂಡ ಶಾಲೆಯನ್ನು, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಊರ ಶಾಲೆಯ ಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ಪ್ರತಿ ಶಾಲೆಗೂ 11 ಅಂಕಿಯ ಡೈಸ್ ಕೋಡ್ ಇರುತ್ತದೆ. ಬಾಗಲಕೋಟೆ ಜಿಲ್ಲೆಯದು 2902ರಿಂದ ಶುರು. ಯುಡೈಸ್ ಪ್ಲಸ್ ಜಾಲತಾಣದ ‘ನೋ ಯುವರ್ ಸ್ಕೂಲ್’ ವಿಭಾಗದಲ್ಲಿ ಈ ಕೋಡ್ ಹಾಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರು, ಕೊಠಡಿ, ಶೌಚಾಲಯ ಎಲ್ಲ ಸಿಗುತ್ತದೆ. ಹೆಸರಿನಿಂದ ಹುಡುಕಬೇಡಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದ ಕಡೆ ಹಳೇ ಊರಿನ ಹೆಸರೇ ಪುನರ್ವಸತಿ ಕೇಂದ್ರದ ಶಾಲೆಗೂ ಇರಬಹುದು. ಒಂದರ ಅಂಕಿ ಇನ್ನೊಂದಕ್ಕೆ ಬರೆದುಕೊಂಡರೆ ಮುಂದಿನದೆಲ್ಲ ತಪ್ಪು. ಈ ಲೆಕ್ಕಕ್ಕೆ ಸೆಪ್ಟೆಂಬರ್ 30ರ ಸ್ಥಿತಿಯೇ ಆಧಾರ ಎಂಬುದೂ ನೆನಪಿರಲಿ. ಆಮೇಲೆ ವರ್ಗವಾಗಿ ಹೋದ ಮಾಸ್ತರರೂ ಅಲ್ಲಿನ ಲೆಕ್ಕದಲ್ಲಿ ಇನ್ನೂ ಇರುತ್ತಾರೆ.

ಹೀಗಾಗಿ ಶಿಕ್ಷಕರ ಲೆಕ್ಕವನ್ನು ಶಾಲೆಯಲ್ಲೇ ಕೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳಿಗೆ ಇಬ್ಬರು, 90ರವರೆಗೆ ಮೂವರು ಶಿಕ್ಷಕರು. ಆರರಿಂದ ಎಂಟರವರೆಗೆ ತರಗತಿಗೊಬ್ಬರಾದರೂ ಬೇಕು; ಗಣಿತ-ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗೆ ಬೇರೆ ಬೇರೆಯವರಿರಬೇಕು. ‘ಎಷ್ಟು ಮಂದಿ ಇದ್ದೀರಿ?’ ಎಂದು ಕೇಳಿ ಸುಮ್ಮನಾಗಬೇಡಿ. ಕಾಯಂ ಎಷ್ಟು, ಅತಿಥಿ ಶಿಕ್ಷಕರೆಷ್ಟು, ನಿಯೋಜನೆ ಮೇಲೆ ಬೇರೆ ಕಡೆ ಹೋದವರೆಷ್ಟು ಎಂದು ಬಿಡಿಸಿ ಕೇಳಿ. ನಿಯೋಜನೆಯವರ ಪಗಾರ ಇಲ್ಲಿ, ಪಾಠ ಇನ್ನೆಲ್ಲೋ. ‘ಇಂಗ್ಲಿಷ್ ಮಾಧ್ಯಮ’ ಎಂಬ ಬೋರ್ಡು ಕಂಡರೂ ಇದೇ ಪ್ರಶ್ನೆ: ಕಲಿಸುವವರು ಯಾರು? ಉತ್ತರ ತಡವರಿಸಿದರೆ ಆ ಬೋರ್ಡಿಗೆ ಬೆಲೆ ಕೊಡಬೇಡಿ.

ಈಗ ಶೇಕಡಾವಾರಿನ ಮಾತು. ಹೈಸ್ಕೂಲು ಆರಿಸುವವರಿಗೆ ಇದು ಬೇಕಾದ ಅಂಕಿಯೇ, ಆದರೆ ಫ್ಲೆಕ್ಸ್ ಮೇಲಿನ ರೂಪದಲ್ಲಲ್ಲ. 20 ಮಕ್ಕಳ ಶಾಲೆಯಲ್ಲಿ ಒಬ್ಬ ಹುಡುಗ ಗಣಿತದಲ್ಲಿ ಉಳಿದರೆ ಶೇ 5 ಇಳಿಯಿತು. 100 ಮಕ್ಕಳ ಶಾಲೆಯಲ್ಲಿ ಅದೇ ಶೇ 1. ಆದ್ದರಿಂದ ಮೂರು ವರ್ಷ ಪರೀಕ್ಷೆಗೆ ಕೂತವರನ್ನು ಒಟ್ಟು ಕೂಡಿಸಿ, ಪಾಸಾದವರನ್ನು ಒಟ್ಟು ಕೂಡಿಸಿ, ಆಮೇಲೆ ಭಾಗಿಸಿ. ವರ್ಷವರ್ಷದ ಶೇಕಡಾವಾರುಗಳನ್ನು ಸೇರಿಸಿ ಮೂರರಿಂದ ಭಾಗಿಸುವುದು ತಪ್ಪು ಲೆಕ್ಕ. ಒಂದು ಶಾಲೆಯ ಈ ವರ್ಷಕ್ಕೆ ಇನ್ನೊಂದರ ಹೋದ ವರ್ಷವನ್ನೂ ಹೋಲಿಸಬೇಡಿ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೇ ವರ್ಷದಿಂದ ಪರೀಕ್ಷೆ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿದೆ. ಒಬ್ಬರು ಪರೀಕ್ಷೆ-1ರ ಅಂಕಿ ಹೇಳುತ್ತಿರಬಹುದು, ಇನ್ನೊಬ್ಬರು ಎಲ್ಲವೂ ಮುಗಿದ ಮೇಲಿನದನ್ನು.

ಇಷ್ಟು ಸರಿಮಾಡಿಕೊಂಡರೂ ಒಂದು ಕಳ್ಳದಾರಿ ಉಳಿಯುತ್ತದೆ. ಒಂದು ಶಾಲೆಯಲ್ಲಿ 18ಕ್ಕೆ 18 ಪಾಸ್ ಎಂದಿಟ್ಟುಕೊಳ್ಳಿ. ಎರಡು ವರ್ಷ ಹಿಂದೆ ಎಂಟನೇ ತರಗತಿಗೆ ಅಲ್ಲಿ ಸೇರಿದವರು 31 ಆಗಿದ್ದರೆ ಉಳಿದ 13 ಮಕ್ಕಳೆಲ್ಲಿ? ಕೆಲವರು ಮನೆಯವರ ಜೊತೆ ದುಡಿಯಲು ಗೋವಾ, ಮಂಗಳೂರು ಕಡೆ ಹೋಗಿರಬಹುದು, ಕೆಲವು ಹೆಣ್ಣುಮಕ್ಕಳ ಓದು ನಿಂತಿರಬಹುದು, ಕೆಲವರಿಗೆ ‘ನಿಮ್ಮಿಂದ ಆಗೂದಿಲ್ಲ’ ಎಂದು ಮೆಲ್ಲಗೆ ಟಿ.ಸಿ. ಕೊಟ್ಟಿರಬಹುದು. ಎಂಟರಲ್ಲಿದ್ದ 31ರಲ್ಲಿ 27 ಮಂದಿಯನ್ನು ಪರೀಕ್ಷೆವರೆಗೆ ಕರೆತಂದು 22 ಮಂದಿಯನ್ನು ದಾಟಿಸಿದ ಶಾಲೆಗೆ ಫ್ಲೆಕ್ಸ್ ಕಟ್ಟುವವರಿಲ್ಲ. ನನ್ನ ಕಣ್ಣಿಗೆ ಅದೇ ದೊಡ್ಡ ಶಾಲೆ. ಹಿಂದಿನ ವರ್ಷಗಳ ತರಗತಿವಾರು ಸಂಖ್ಯೆ ಡೈಸ್ ಮಾಹಿತಿಯಲ್ಲಿದೆ, ಪರೀಕ್ಷೆಗೆ ಕೂತವರ ಸಂಖ್ಯೆಯನ್ನು ಶಾಲೆಯಲ್ಲೋ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೋ ಕೇಳಿ. ಅಲ್ಲೂ ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು.

ಶಾಲೆ ನೋಡಲು ಹೋಗುವುದಾದರೆ ಜೂನ್‌ನಲ್ಲಿ ಬೇಡ, ಆಗ ಎಲ್ಲ ಕಡೆ ತೋರಣ. ದೀಪಾವಳಿ ಕಳೆದು, ಗುಳೆ ಹೋಗುವವರು ಹೋದ ಮೇಲೆ ಒಂದು ಸಾಮಾನ್ಯ ಮಂಗಳವಾರ ಹೋಗಿ. ಕರಿಹಲಗೆಯ ಮೂಲೆಯಲ್ಲಿ ಗಂಡು, ಹೆಣ್ಣು, ಒಟ್ಟು, ಹಾಜರು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಆ ‘ಹಾಜರು’ ಅಂಕಿಯನ್ನು ಮಧ್ಯಾಹ್ನ ಬಿಸಿಯೂಟಕ್ಕೆ ಕೂತ ತಟ್ಟೆಗಳ ಜೊತೆ ತಾಳೆ ನೋಡಿ. ಆಮೇಲೆ ಮುಖ್ಯಗುರುಗಳ ಅಪ್ಪಣೆ ಪಡೆದು, ಮುಂದಿನ ಸಾಲಿನ ಜಾಣ ಮಕ್ಕಳನ್ನು ಬಿಟ್ಟು ಕಿಟಕಿ ಪಕ್ಕದ ಐದನೇ ತರಗತಿಯ ಹುಡುಗನಿಗೆ ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಲು ಹೇಳಿ, ಮೂರಂಕಿಯ ಒಂದು ಭಾಗಾಕಾರ ಕೊಡಿ. ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯವರು ಹಳ್ಳಿಗಳಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಶೌಚಾಲಯದ ನಲ್ಲಿ ತಿರುಗಿಸಿ; ‘ಇದೆ’ ಎಂಬುದು ದಾಖಲೆಯಲ್ಲಿ, ನೀರು ಬರುವುದು ಬೇರೆ ಮಾತು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಲ್ಲಿ ಒಬ್ಬ ತಾಯಿಯನ್ನು ಮಾತಾಡಿಸಿ; ಅಧ್ಯಕ್ಷರು ಶಾಲೆಯ ಪರವಾಗಿಯೇ ಹೇಳುತ್ತಾರೆ. ದೂರದ ಶಾಲೆಯಾದರೆ ಸಂಜೆ ಬಿಡುವ ಹೊತ್ತಿಗೆ ಬಸ್ ಇದೆಯೇ ನೋಡಿ: ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಉಚಿತ, ಗಂಡುಮಕ್ಕಳಿಗೆ ಪಾಸ್ ಮಾಡಿಸಬೇಕು. ಶಾಲೆ ಬದಲಿಸುವಾಗ ಮಗುವಿನ ಎಸ್‌ಎಟಿಎಸ್ (ವಿದ್ಯಾರ್ಥಿ ಗುರುತಿನ) ಸಂಖ್ಯೆ ಬರೆದಿಟ್ಟುಕೊಳ್ಳಿ. ಎಂಟನೇ ತರಗತಿವರೆಗೆ ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿ.