ಊರ ವಿಕಿಗೆ ಬಾಡಿಗೆಯ ಜಾಗ: ಕಡಿಮೆ ಖರ್ಚಿನಲ್ಲಿ ಆರಿಸುವದು ಹೇಗೆ?



ತೊಗರಿಗೆ ನೆಟೆ ರೋಗ ಬಿದ್ದ ವರ್ಷ ಯಾರ ಹೊಲದಲ್ಲಿ ಯಾವ ಬೀಜ ಉಳಿಯಿತು, ಯಾವ ಬೋರಿಗೆ ಎಷ್ಟು ಅಡಿಗೆ ನೀರು ಸಿಕ್ಕಿತು, ಯಾವ ಹಳ್ಳ ಯಾವ ವರ್ಷ ದಂಡೆ ಮೀರಿ ಹರಿಯಿತು. ಇಂಥ ಸಂಗತಿಗಳು ನಮ್ಮ ಹಿರಿಯರ ತಲೆಯಲ್ಲಿರುತ್ತವೆ, ಅವರೊಡನೆಯೇ ಹೋಗಿಬಿಡುತ್ತವೆ. ಇವನ್ನು ಸೈದಾಪುರದ ಸುತ್ತಿನ ಹಳ್ಳಿಯವರು ಕೂಡಿ ಬರೆದಿಡಬೇಕಾದರೆ ಅದಕ್ಕೆ ವಿಕಿ ತಕ್ಕ ಸಾಧನ. ಆದರೆ “ಅದನ್ನು ಇಡುವದು ಎಲ್ಲಿ? ವರ್ಷಕ್ಕೆ ಎಷ್ಟು ಕೊಡಬೇಕು?” ಎಂಬಲ್ಲಿ ಮಾತು ನಿಂತುಬಿಡುತ್ತದೆ. ಈ ಪಾಠ ಅದರ ಸಲುವಾಗಿ.

ವಿಕಿ ಎಂದರೆ ಹಲವರು ಕೂಡಿ ಬರೆಯುವ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾದ ಪುಸ್ತಕ. ಹವಾಯಿ ದ್ವೀಪದ ಭಾಷೆಯಲ್ಲಿ ಈ ಶಬ್ದಕ್ಕೆ ‘ಬೇಗ’ ಎಂದು ಅರ್ಥ. ಮೊದಲ ವಿಕಿಯನ್ನು 1995ರಲ್ಲಿ ಅಮೇರಿಕೆಯ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ತೆರೆದರು. ನಮ್ಮ ಭಾಷೆಯ ಕನ್ನಡ ವಿಕಿಪೀಡಿಯ 2003ರಿಂದ ನಡೆದಿದೆ. ಯಾರಾದರೂ ತಪ್ಪು ಬರೆದರೆ ಹೆದರಬೇಕಾಗಿಲ್ಲ. ಯಾರು, ಯಾವಾಗ, ಏನು ಬದಲಿಸಿದರು ಎಂಬ ಲೆಕ್ಕ ಉಳಿದಿರುತ್ತದೆ. ಹಿಂದಿನ ಪ್ರತಿಯನ್ನು ಮತ್ತೆ ತರಬಹುದು.

ಈ ಪುಸ್ತಕ ಇರುವ ಗಣಕಯಂತ್ರಕ್ಕೆ ಸರ್ವರ್ ಎನ್ನುವರು. ಅದು ಹಗಲು ರಾತ್ರಿ ಎಚ್ಚರವಾಗಿದ್ದು, ನಿಮ್ಮ ಮೊಬೈಲ್ ಕೇಳಿದ ಪುಟವನ್ನು ಕಳಿಸಬೇಕು. “ವಾಚನಾಲಯದ ಹಳೆಯ ಕಂಪ್ಯೂಟರಿನಲ್ಲಿಯೇ ಇಟ್ಟರಾಗದೇ?” ಎಂದು ಕೆಲವರು ಕೇಳಬಹುದು. ಕಲಿಯಲು ಅದು ಉತ್ತಮ. ಆದರೆ ಕರೆಂಟು ಹೋದಾಗಲೆಲ್ಲ ಊರಿನ ಪುಸ್ತಕ ಮುಚ್ಚಿಹೋಗುವದು, ಧೂಳು ಬೇರೆ. ಆದುದರಿಂದ ಬೇರೆಯವರ ಯಂತ್ರದಲ್ಲಿ ಜಾಗ ಹಿಡಿಯಬೇಕು. ಇದೇ ಹೋಸ್ಟಿಂಗ್.

ದುಡ್ಡು ಕೊಡುವ ಮೊದಲು, ಬಾಡಿಗೆ ಬೇಕೇ ಬೇಕೋ ಎಂದು ನೋಡಿರಿ. ನಿಮ್ಮ ಊರಿನ ಗುಡಿ, ಕೆರೆ, ಶಾಸನಗಳ ವಿಷಯ ಪುಸ್ತಕಗಳಲ್ಲಿ ಅಚ್ಚಾಗಿದ್ದರೆ ಅದನ್ನು ಕನ್ನಡ ವಿಕಿಪೀಡಿಯಕ್ಕೆ ಬರೆಯಬಹುದು; ಒಂದು ಪೈಸೆಯ ಖರ್ಚಿಲ್ಲ. ಅದರ ಯಂತ್ರಗಳನ್ನು ವಿಕಿಮೀಡಿಯ ಪ್ರತಿಷ್ಠಾನವು ದಾನದ ಹಣದಿಂದ ನಡೆಸುತ್ತದೆ. ಆದರೆ ಅಲ್ಲಿಗೆ ಆಧಾರ ಬೇಕು. “ನಮ್ಮ ಹೊಲದಲ್ಲಿ ಟಿ.ಎಸ್.-3ಆರ್ ತೊಗರಿ ನೆಟೆ ರೋಗ ತಡೆದು ಇಷ್ಟು ಚೀಲ ಕೊಟ್ಟಿತು” ಎಂಬ ನಿಮ್ಮ ಸ್ವಂತ ಅನುಭವವನ್ನು ಅಲ್ಲಿ ಇಟ್ಟುಕೊಳ್ಳುವದಿಲ್ಲ. ನಮಗೆ ಹೆಚ್ಚು ಬೇಕಾದದ್ದು ಇಂಥದೇ. ಹೀಗಾಗಿ ಸ್ವಂತ ವಿಕಿಯ ಮಾತು ಬರುತ್ತದೆ. ಅದಕ್ಕೆ ಬೇಕಾದ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು, ಅಂದರೆ ವಿಕಿಪೀಡಿಯ ನಡೆಯುವ ಅದೇ ತಂತ್ರಾಂಶವನ್ನು, ಯಾರೂ ಪುಕ್ಕಟೆಯಾಗಿ ತಂದುಕೊಳ್ಳಬಹುದು. ಬಾಡಿಗೆ ಕೇವಲ ಜಾಗಕ್ಕೆ.

ಎಷ್ಟು ಜಾಗ ಬೇಕು? ಇಲ್ಲಿಯೇ ಜನ ಹೆಚ್ಚು ಮೋಸ ಹೋಗುವದು. ಒಂದಿಷ್ಟು ಲೆಕ್ಕ ಮಾಡೋಣ. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರ ಪ್ರತಿಯೊಂದು ಗುಣಿತದ ಗುರುತಿಗೂ ಯಂತ್ರದಲ್ಲಿ 3 ಬೈಟ್ ಹಿಡಿಯುತ್ತದೆ. ಒಂದು ಶಬ್ದಕ್ಕೆ ಇಂಥವು ಎಂಟು ಎಂದು ಹಿಡಿದರೆ, 1000 ಶಬ್ದಗಳ ಲೇಖನಕ್ಕೆ ಸುಮಾರು 24 ಕಿಲೋಬೈಟ್. ಅಂಥ 500 ಲೇಖನಗಳಿಗೆ 12 ಮೆಗಾಬೈಟ್. ಒಂದೊಂದು ಲೇಖನವೂ ಹತ್ತು ಸಲ ತಿದ್ದುಪಡಿಯಾಗಿ ಹಳೆಯ ಪ್ರತಿಗಳೆಲ್ಲ ಉಳಿದರೂ 120 ಮೆಗಾಬೈಟ್ ಆದೀತು. ಒಂದು ಮದುವೆಯ ಫೋಟೋಗಳು ಇದಕ್ಕಿಂತ ಹೆಚ್ಚು ಜಾಗ ತಿನ್ನುವವು! ನಿಜವಾದ ಭಾರ ಚಿತ್ರಗಳದು. ಮೊಬೈಲಿನ ಒಂದು ಫೋಟೋ 3 ಮೆಗಾಬೈಟ್ ಇದ್ದರೆ 500 ಫೋಟೋಗಳಿಗೆ 1500 ಮೆಗಾಬೈಟ್, ಅಂದರೆ ಒಂದೂವರೆ ಗಿಗಾಬೈಟ್. ಅವನ್ನೇ 300 ಕಿಲೋಬೈಟಿಗೆ ಇಳಿಸಿ ಹಾಕಿದರೆ 150 ಮೆಗಾಬೈಟಿನಲ್ಲಿ ಮುಗಿಯುವದು. ನೆಟೆ ರೋಗದ ಗಿಡವನ್ನು ಗುರುತಿಸಲು ಅಷ್ಟು ಸಾಕು. ಆದುದರಿಂದ 10 ಗಿಗಾಬೈಟ್ ಜಾಗ ಹಲವು ವರ್ಷಕ್ಕೆ ಸಾಲುತ್ತದೆ. ‘ಮಿತಿಯೇ ಇಲ್ಲ’ ಎಂಬ ಜಾಹೀರಾತಿಗೆ ಹೆಚ್ಚು ಹಣ ಕೊಡಬೇಡಿರಿ.

ಜಾಗಗಳಲ್ಲಿ ಮೂರು ತರ. ಮೊದಲನೆಯದು ಪುಕ್ಕಟೆ ವಿಕಿ ತೆರೆದುಕೊಡುವ ತಾಣಗಳು. ಆರಂಭಕ್ಕೆ ಸುಲಭ, ಆದರೆ ಅವರು ಅಂಗಡಿ ಮುಚ್ಚಿದರೆ ನಮ್ಮ ಗತಿಯೇನು? 2005ರಲ್ಲಿ ಆರಂಭವಾದ ವಿಕಿಸ್ಪೇಸಸ್ ಎಂಬ ತಾಣವನ್ನು ಎಷ್ಟೋ ದೇಶಗಳ ಶಾಲಾ ಶಿಕ್ಷಕರು ನಂಬಿದ್ದರು. 2018ರಲ್ಲಿ ಅದರ ಪುಕ್ಕಟೆ ವಿಕಿಗಳು ನಿಂತವು. ಅವಧಿಯೊಳಗೆ ಬರಹ ಇಳಿಸಿಕೊಂಡವರಿಗೆ ಉಳಿಯಿತು.

ಎರಡನೆಯದು ಹಂಚಿಕೆಯ ಹೋಸ್ಟಿಂಗ್. ಒಂದೇ ಬಾವಿಗೆ ಹತ್ತು ಮನೆಯವರು ಪಾಳಿಯ ಮೇಲೆ ನೀರು ಸೇದಿದಂತೆ, ಒಂದು ಯಂತ್ರದಲ್ಲಿ ನೂರಾರು ತಾಣಗಳು ಇರುತ್ತವೆ. ಅಗ್ಗ, ಯಂತ್ರದ ದುರಸ್ತಿ ಅವರದೇ. ಮೀಡಿಯಾವಿಕಿಗೆ ಪಿ.ಎಚ್.ಪಿ. ಹಾಗೂ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಎಂಬ ದತ್ತಭಂಡಾರ ಬೇಕು. ಇವು ಇವೆಯೇ, ಹೊಸ ಆವೃತ್ತಿಯವೇ ಎಂದು ಮೊದಲೇ ಕೇಳಿರಿ.

ಮೂರನೆಯದಕ್ಕೆ ವಿ.ಪಿ.ಎಸ್. ಎನ್ನುವರು. ಇದು ನಮ್ಮದೇ ಕೀಲಿಯ ಕೋಣೆ ಇದ್ದಂತೆ. 1 ಗಿಗಾಬೈಟ್ ಮೆಮೊರಿಯ ಇಂಥ ಕೋಣೆ ತಿಂಗಳಿಗೆ ಐದಾರು ಡಾಲರಿಗೆ ಸಿಗುತ್ತದೆ. ಸಣ್ಣ ವಿಕಿ ಅದರಲ್ಲಿ ನಡೆಯುವದು. ಆದರೆ ಬಾಗಿಲು ಭದ್ರ ಮಾಡುವದು, ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದು ಮಾಡುವದು ನಮ್ಮ ಮೇಲೆ. ಆ ಕೆಲಸ ಬಲ್ಲವರು ಊರಿನಲ್ಲಿ ಇಬ್ಬರಾದರೂ ಇಲ್ಲದಿದ್ದರೆ ಈ ದಾರಿ ಬೇಡ. ಒಬ್ಬನೇ ಇದ್ದರೆ ಸಾಲದು. ಅವನು ನೌಕರಿಗೆಂದು ಬೆಂಗಳೂರಿನ ರೈಲು ಹತ್ತಿದ ದಿನ ವಿಕಿಯೂ ಅನಾಥವಾಗುವದು. ನಮ್ಮ ಅಭಿಪ್ರಾಯದಲ್ಲಿ ಮೊದಲ ಎರಡು ವರ್ಷಕ್ಕೆ ಹಂಚಿಕೆಯ ಹೋಸ್ಟಿಂಗೇ ತಕ್ಕದ್ದು.

ದರ ನೋಡುವಾಗ ಮೊದಲ ವರ್ಷದ ದರಕ್ಕೆ ಮರುಳಾಗಬೇಡಿರಿ. ಉದಾಹರಣೆಗೆ, ತಿಂಗಳಿಗೆ 100 ರೂಪಾಯಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ನವೀಕರಣಕ್ಕೆ 300 ಎಂದು ಕೆಳಗೆ ಸಣ್ಣಗೆ ಬರೆದಿದ್ದರೆ, ಮೂರು ವರ್ಷಕ್ಕೆ ಆಗುವದು 3600 ಅಲ್ಲ, 8400. ಮೇಲೆ ಶೇಕಡಾ 18 ಜಿ.ಎಸ್.ಟಿ. ಹೀಗೆ ಮೂರು ವರ್ಷದ ಮೊತ್ತ ತೆಗೆದೇ ಹೋಲಿಸಿರಿ. ಡಾಲರಿನ ಬಿಲ್ಲಾದರೆ ವಿನಿಮಯದ ದರವೂ ಸೇರುತ್ತದೆ. ಬ್ಯಾಂಕಿನ ಕಾರ್ಡಿನಿಂದ ತಾನಾಗಿ ಹಣ ಹೋಗುವ ಏರ್ಪಾಡು ಕೆಲವೊಮ್ಮೆ ತಪ್ಪುವದುಂಟು. ರೂಪಾಯಿಯಲ್ಲಿ ವರ್ಷಕ್ಕೊಮ್ಮೆ ಕೊಡುವದು ಸಂಘದ ಲೆಕ್ಕಕ್ಕೂ ಅನುಕೂಲ.

ಯಂತ್ರ ಮುಂಬಯಿಯಲ್ಲಿ ಇರಬೇಕೋ ಅಮೇರಿಕೆಯಲ್ಲೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ದೂರದ ಯಂತ್ರದಿಂದ ಒಂದು ಸಲ ಹೋಗಿ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ, ಅಷ್ಟೆ. ವಿಕಿಪೀಡಿಯದ ಮುಖ್ಯ ಯಂತ್ರಗಳೂ ಅಮೇರಿಕೆಯ ವರ್ಜೀನಿಯ ಮತ್ತು ಟೆಕ್ಸಾಸ್ ಪ್ರಾಂತಗಳಲ್ಲಿವೆ. ಏಷ್ಯದವರಿಗೆ ಬೇಗ ತಲುಪಲೆಂದು 2018ರಲ್ಲಿ ಸಿಂಗಪುರದಲ್ಲಿ ಒಂದು ಕೇಂದ್ರ ತೆರೆದರು. ದರ ಒಂದೇ ಇದ್ದರೆ ಹತ್ತಿರದ್ದನ್ನು ಆರಿಸಿರಿ. ಹತ್ತಿರವೆಂದು ಇಮ್ಮಡಿ ಕೊಡಬೇಡಿರಿ.

ಒಂದು ಹೊಸ ಪೀಡೆಯಿದೆ. ಓದಲು ಬರುವವರು ಮನುಷ್ಯರಷ್ಟೇ ಅಲ್ಲ; ಪುಟಗಳನ್ನು ಬಾಚಿಕೊಂಡು ಹೋಗುವ ಯಂತ್ರಗಳೂ ಬರುತ್ತವೆ. 2024ರ ಜನವರಿಯಿಂದೀಚೆಗೆ ಚಿತ್ರಗಳನ್ನು ಇಳಿಸಿಕೊಳ್ಳುವ ಹೊರೆ ಶೇಕಡಾ 50ರಷ್ಟು ಏರಿತೆಂದು ವಿಕಿಮೀಡಿಯ ಪ್ರತಿಷ್ಠಾನವೇ 2025ರಲ್ಲಿ ತಿಳಿಸಿತು. ಆದುದರಿಂದ ಹರಿದಷ್ಟಕ್ಕೆ ಮೀಟರ್ ಓಡುವ ದರ ಬೇಡ. ತಿಂಗಳಿಗೆ ಇಷ್ಟೇ ಎಂಬ ದರ ಹಿಡಿಯಿರಿ. ಗೊತ್ತು ಮಾಡಿದ ಅಳತೆ ಮೀರಿದರೆ ತಾಣ ನಿಲ್ಲಿಸುವರೋ, ದಂಡ ಹಾಕುವರೋ ಎಂದು ಬರೆಯಿಸಿಕೊಳ್ಳಿರಿ. ಓದುವದಕ್ಕೆ ಎಲ್ಲರಿಗೂ ಬಿಡಿರಿ. ಬರೆಯುವದಕ್ಕೆ ಹೆಸರು ದಾಖಲಿಸಿದವರಿಗಷ್ಟೇ ಬಿಡಿರಿ. ಇಲ್ಲವಾದರೆ ಹೊಲಕ್ಕೆ ಕಸ ನುಗ್ಗಿದಂತೆ ಜಾಹೀರಾತು ತುಂಬುವದು.

ಇಷ್ಟೆಲ್ಲ ದರದ ಮಾತಾಯಿತು. ಆದರೆ ದರಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಹಗೇವಿಗೆ ಜೋಳ ತುಂಬುವವನು ಅದನ್ನು ತೆಗೆಯುವ ಬಾಯನ್ನೂ ನೋಡಿಕೊಳ್ಳುತ್ತಾನೆ. ಹಾಗೆಯೇ, ನಮ್ಮ ಬರಹವನ್ನು ನಾವು ಬೇಕೆಂದಾಗ ಪೂರ್ತಿಯಾಗಿ ಹೊರಗೆ ತೆಗೆದುಕೊಳ್ಳಬಹುದೇ? ಇದಕ್ಕೆ ನೇರವಾದ ಉತ್ತರ ಕೊಡದವರಲ್ಲಿ ಜಾಗ ಪುಕ್ಕಟೆ ಸಿಕ್ಕರೂ ಹಿಡಿಯಬಾರದು.

2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಒ.ವಿ.ಎಚ್. ಎಂಬ ದೊಡ್ಡ ಹೋಸ್ಟಿಂಗ್ ಸಂಸ್ಥೆಯ ಐದು ಅಂತಸ್ತಿನ ಕಟ್ಟಡ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಟ್ಟವರು ಕೆಲದಿನಗಳಲ್ಲಿ ಮತ್ತೆ ನಿಂತರು. ಇಡದ ಎಷ್ಟೋ ಜನರ ವರ್ಷಗಳ ಕೆಲಸ ಬೂದಿಯಾಯಿತು. ದೊಡ್ಡ ಸಂಸ್ಥೆಯೆಂದು ನಂಬಿ ಕೈಕಟ್ಟಿ ಕೂಡುವಂತಿಲ್ಲ.

ಪ್ರತಿ ತೆಗೆಯುವದು ಕಷ್ಟದ ಕೆಲಸವಲ್ಲ. ಅಮವಾಸ್ಯೆಯ ದಿನ ಎತ್ತು ಹೂಡುವದಿಲ್ಲವಷ್ಟೆ; ಆ ದಿನವನ್ನೇ ಗೊತ್ತು ಮಾಡಿಕೊಳ್ಳಿರಿ. ಎರಡು ವಸ್ತು ಬೇಕು: ದತ್ತಭಂಡಾರದ ಪೂರ್ತಿ ಪ್ರತಿ, ಮತ್ತು ಚಿತ್ರಗಳಿರುವ ಕಡತದ ಪ್ರತಿ. ಒಂದೇ ತೆಗೆದರೆ ಅರ್ಧ ಕೆಲಸ. ಇವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಒಂದು ವಾಚನಾಲಯದಲ್ಲಿ, ಇನ್ನೊಂದು ಬೇರೆ ಊರಿನ ಬೀಗರ ಮನೆಯಲ್ಲಿ ಇಡಬಹುದು. ಬರೆಯುವವರ ಗುಪ್ತಪದಗಳ ಗುರುತೂ ಅದರಲ್ಲಿರುವದರಿಂದ ಕಂಡವರ ಕೈಗೆ ಕೊಡಬಾರದು. ಬಿತ್ತುವ ಮೊದಲು ನೂರು ಕಾಳುಗಳನ್ನು ಹಸಿ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವಂತೆ, ವರ್ಷಕ್ಕೊಮ್ಮೆ ಈ ಪ್ರತಿಯಿಂದ ಬೇರೊಂದು ಕಂಪ್ಯೂಟರಿನಲ್ಲಿ ವಿಕಿಯನ್ನು ಎಬ್ಬಿಸಿ ನೋಡಿರಿ. ಏಳದಿದ್ದರೆ ಅದು ಪೊಳ್ಳು ಬೀಜ.

ತಾಣದ ಹೆಸರಿನ ಮಾತು ಬೇರೆ. ಇದನ್ನು ಡೊಮೈನ್ ಎನ್ನುವರು, ವರ್ಷವರ್ಷ ನವೀಕರಿಸಬೇಕು. ‘.ಇನ್’ ಹೆಸರುಗಳಲ್ಲದೆ, ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ಹೆಸರುಗಳೂ ಸಿಗುತ್ತವೆ. ಹೆಸರು ಸಂಘದ ಹೆಸರಿನಲ್ಲಿಯೇ ದಾಖಲಾಗಲಿ. ಹುರುಪಿನಿಂದ ಮುಂದೆ ಬಂದ ತಮ್ಮನೊಬ್ಬನ ಸ್ವಂತ ಮೊಬೈಲಿಗೆ ಕಟ್ಟಿಬಿಡಬೇಡಿರಿ. ಜಾಗ ಕೊಡುವವರಲ್ಲಿಯೇ ಹೆಸರನ್ನೂ ಪುಕ್ಕಟೆ ಕೊಟ್ಟರೆ, ಮುಂದೆ ಬೇರೆ ಕಡೆ ಒಯ್ಯಲು ತಡೆಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಬೀಗದ ಗುರುತಿನ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳಿದರೆ ಕೊಡಬೇಕಾಗಿಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ.

ಈ ಹಂಗಾಮಿನಲ್ಲಿ ಹಣವನ್ನೇ ಹಾಕಬೇಡಿರಿ. ಮೀಡಿಯಾವಿಕಿಯನ್ನು ಎಸ್‌ಕ್ಯುಲೈಟ್ ಎಂಬ ಚಿಕ್ಕ ದತ್ತಭಂಡಾರದೊಡನೆ ವಾಚನಾಲಯದ ಕಂಪ್ಯೂಟರಿನಲ್ಲಿಯೇ ಹಾಕಿ, ತೊಗರಿ ರಾಶಿಯಾಗುವದರೊಳಗೆ ನಲವತ್ತು ಪುಟ ಬರೆಯಿರಿ. ಅಷ್ಟು ಪುಟ ತುಂಬಿದರೆ, ಅವನ್ನು ಹೊತ್ತುಕೊಂಡು ಬಾಡಿಗೆಯ ಜಾಗಕ್ಕೆ ಹೋಗಲು ಒಂದು ಮಧ್ಯಾಹ್ನ ಸಾಕು.