ಲಾಟರಿ: ಯಾದೃಚ್ಛಿಕ ಸಂಖ್ಯೆ ಮತ್ತು ಸಂಭವನೀಯತೆ

ಲೆಕ್ಕ: ಕೆನಡಾದ ಲೊಟ್ಟೊ 6/49 (ಆರಂಭ 1982) ಆಟದಲ್ಲಿ 49 ಸಂಖ್ಯೆಗಳಿಂದ 6 ಆರಿಸಬೇಕು. ಕ್ರಮ ಮುಖ್ಯವಲ್ಲ, ಹಾಗಾಗಿ ವಿಕಲ್ಪ ಸೂತ್ರ ಬಳಸಬೇಕು.
(49×48×47×46×45×44) ÷ 720 = 1,39,83,816
ಆರೂ ಹೊಂದುವ ಸಂಭವನೀಯತೆ: ಸುಮಾರು 1.4 ಕೋಟಿಯಲ್ಲಿ 1.

ಸಾಮಾನ್ಯ ತಪ್ಪು: ಸಾಲು ಸಂಖ್ಯೆಗಳು ಬರುವುದೇ ಇಲ್ಲ ಎಂದುಕೊಳ್ಳುವುದು. ವಾಸ್ತವದಲ್ಲಿ 1, 2, 3, 4, 5, 6 ಬರುವ ಅವಕಾಶವೂ ಬೇರಾವುದೇ ಆರು ಸಂಖ್ಯೆಗಳಷ್ಟೇ. ಪ್ರತಿ ಡ್ರಾ ಸ್ವತಂತ್ರ ಘಟನೆ. ‘ಬಹಳ ದಿನದಿಂದ 7 ಬಂದಿಲ್ಲ, ಈ ಸಲ ಬಂದೇ ಬರುತ್ತದೆ’ ಎಂಬುದು ಜೂಜುಗಾರನ ಭ್ರಮೆ.

ಸಂಖ್ಯೆ ಹುಟ್ಟುವ ಬಗೆ:
• ಹುಸಿ ಯಾದೃಚ್ಛಿಕ: ಬೀಜಸಂಖ್ಯೆ ಮತ್ತು ಸೂತ್ರದಿಂದ ಕಂಪ್ಯೂಟರ್ ಕೊಡುವ ಸರಣಿ. ಬೀಜ ಅದೇ ಆದರೆ ಸರಣಿಯೂ ಅದೇ.
• ನಿಜ ಯಾದೃಚ್ಛಿಕ: ಭೌತಿಕ ಕ್ರಿಯೆಯಿಂದ ಬಂದದ್ದು. ಬ್ರಿಟನ್ನಿನ ಪ್ರೀಮಿಯಂ ಬಾಂಡ್ ಬಹುಮಾನಕ್ಕೆ 1957ರಲ್ಲಿ ಬಳಸಿದ ‘ಎರ್ನಿ’ ಯಂತ್ರ ನಿಯಾನ್ ಕೊಳವೆಗಳ ವಿದ್ಯುತ್ ಏರಿಳಿತವನ್ನು ಆಧರಿಸಿತ್ತು.

ಭಾರತದಲ್ಲಿ: ಸರ್ಕಾರಿ ಲಾಟರಿ ಕೇಂದ್ರ ಪಟ್ಟಿಯ 40ನೇ ವಿಷಯ. ಲಾಟರಿ ನಿಯಂತ್ರಣ ಕಾಯ್ದೆ 1998ರದು. ಕರ್ನಾಟಕದಲ್ಲಿ 2007ರಿಂದ ನಿಷೇಧ.

ನೆನಪಿಡಿ: ಲೊಟ್ಟೊ 6/49ರಲ್ಲಿ ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಅವಕಾಶ ದುಪ್ಪಟ್ಟಾಗುತ್ತದೆ ನಿಜ, ಆದರೂ ಅದು ಸುಮಾರು 70 ಲಕ್ಷದಲ್ಲಿ 1 ಮಾತ್ರ. ಈ ಲೆಕ್ಕ ಪರೀಕ್ಷೆಗಷ್ಟೇ ಅಲ್ಲ, ಮನೆಯ ದುಡಿಮೆ ಉಳಿಸಿಕೊಳ್ಳಲೂ ಬೇಕು.